‘ಪ್ರೆಸಿಡೆಂಟ್ ಒಬ್ಬರೇ ಸಹಿ ಹಾಕಿದ್ರೆ ಸಾಕಾ ಅಪ್ಪಾ?’

ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮೆರಿಕದಲ್ಲಿರುವ ನಮ್ಮ ಈ ಗುಂಪಿನಲ್ಲಿ ಒಬ್ಬರು ಬರೆದಿದ್ದರು: ಎಂಟನೇ ಕ್ಲಾಸಿನ ಮಗಳು ಟಿವಿ ನೋಡುತ್ತಾ ‘ಪ್ರೆಸಿಡೆಂಟ್ ಒಬ್ಬರೇ ಯುದ್ಧ ಶುರು ಮಾಡಬಹುದಾ?’ ಅಂತ ಕೇಳಿದಳಂತೆ, ಏನು ಹೇಳಬೇಕೋ ತಿಳಿಯಲಿಲ್ಲವಂತೆ. ಕೆಳಗೆ ಸುಮಾರು ಜನ ‘ಮಕ್ಕಳ ಹತ್ರ ರಾಜಕೀಯ ಯಾಕೆ, ಓದ್ಕೊಳ್ಳಲಿ ಬಿಡಿ’ ಅಂದಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ. ಅಧ್ಯಕ್ಷರ ಒಂದು ಸಹಿಯ ಬಿಸಿ ನಮ್ಮ ಮನೆಗಳಿಗೂ ತಟ್ಟಿದೆಯಲ್ಲ.

2025ರ ಸೆಪ್ಟೆಂಬರ್ 19, ಶುಕ್ರವಾರ ನೆನಪಿದೆ ತಾನೆ? ಇಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷ ಟ್ರಂಪ್ ಸಹಿಯ ಘೋಷಣೆ ಬಂತು. ಊರಿಗೆ ಹೋಗಿದ್ದ ನನ್ನ ಗೆಳೆಯ ಅಮ್ಮ ಬಡಿಸಿದ ಎಲೆ ಮುಂದಿನಿಂದ ಎದ್ದು ಏರ್‌ಪೋರ್ಟಿಗೆ ಓಡಿದ. ಮಾರನೇ ದಿನ ‘ಇದು ಹೊಸ ಅರ್ಜಿಗಳಿಗೆ ಮಾತ್ರ’ ಅಂತ ಸ್ಪಷ್ಟನೆ ಬರುವ ಹೊತ್ತಿಗೆ ಅವನು ಆಗಲೇ ವಿಮಾನದಲ್ಲಿದ್ದ.

ಈ ಅಧಿಕಾರ ಎಲ್ಲಿಂದ ಬಂತು? 1952ರ ವಲಸೆ ಕಾನೂನಿನ ಒಂದು ಕಲಮಿನಿಂದ. ಹೊರದೇಶದವರು ಬರುವುದು ದೇಶದ ಹಿತಕ್ಕೆ ಧಕ್ಕೆ ಅಂತ ಕಂಡರೆ ಅಧ್ಯಕ್ಷರು ತಡೆಯಬಹುದು ಅಂತ ಕಾಂಗ್ರೆಸ್ಸೇ, ಅಂದರೆ ಇಲ್ಲಿನ ಸಂಸತ್ತೇ, ಬರೆದುಕೊಟ್ಟಿದೆ. ಕೆಲವು ದೇಶಗಳವರ ಪ್ರವೇಶ ನಿಷೇಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ 5-4ರಿಂದ ಎತ್ತಿಹಿಡಿದದ್ದು ಇದೇ ಕಲಮಿನ ಮೇಲೆ. 2020ರ ಜೂನ್‌ನಲ್ಲಿ ಎಚ್-1ಬಿ ಮತ್ತು ಕಂಪನಿಯೊಳಗಿನ ವರ್ಗಾವಣೆಯ ಎಲ್-1 ವೀಸಾದವರಿಗೆ ಬಾಗಿಲು ಹಾಕಿದ್ದೂ ಅದರಿಂದಲೇ. ಆಗ ಮಾತ್ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರೊಬ್ಬರು ಅಡ್ಡ ಬಂದರು. ಇದು ದೇಶದೊಳಗಿನ ಉದ್ಯೋಗದ ವಿಷಯ, ಇಲ್ಲಿ ಈ ಅಧಿಕಾರ ಅಷ್ಟು ದೂರ ಚಾಚುವುದಿಲ್ಲ ಅಂದರು. ಆದರೆ ಕೇಸು ಹಾಕಿದ ಸಂಘಗಳ ಸದಸ್ಯ ಕಂಪನಿಗಳಿಗಷ್ಟೇ ಪರಿಹಾರ ಸಿಕ್ಕಿತು. ಉಳಿದವರು ಕಾಯುತ್ತಲೇ ಇದ್ದರು.

ನನ್ನ ಮಗಳಿಗೂ ಕಳೆದ ವರ್ಷ ಸಿವಿಕ್ಸ್ ಪಾಠದಲ್ಲಿ ಯುದ್ಧದ ಅದೇ ಪ್ರಶ್ನೆ ಬಂತು. ಊರಿಂದ ಬಂದಿದ್ದ ಅವಳ ತಾತನೂ ಊಟದ ಟೇಬಲ್ಲಿನಲ್ಲಿದ್ದರು. ನಾನು ನಮ್ಮ ಹಳೇ ಕೂಡುಮನೆಯ ಕಥೆ ಹೇಳಿದೆ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಯಜಮಾನ ಯಾರನ್ನೂ ಕೇಳುತ್ತಾ ಕೂರುವುದಿಲ್ಲ, ಕೋಲು ಹಿಡಿದು ಓಡುತ್ತಾನೆ. ಅದೇ ಪಕ್ಕದ ತೋಟದವನ ಮೇಲೆ ಕೋರ್ಟಿಗೆ ಹೋಗಬೇಕಾದರೆ ಅಣ್ಣತಮ್ಮಂದಿರೆಲ್ಲ ಒಪ್ಪಬೇಕು. ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಮಾತ್ರ ಅಜ್ಜಿಯ ಸೊಂಟದಲ್ಲಿ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರ ಯೋಚನೆಯೂ ಹೆಚ್ಚುಕಡಿಮೆ ಹೀಗೇ ಇತ್ತು. ಕರಡಿನಲ್ಲಿ ಯುದ್ಧ ‘ಮಾಡುವ’ ಅಧಿಕಾರ ಕಾಂಗ್ರೆಸ್ಸಿಗೆ ಅಂತಿತ್ತು. ಆ ಸಭೆಯಲ್ಲಿದ್ದ ಮ್ಯಾಡಿಸನ್ ಮತ್ತು ಗೆರಿ ಅದನ್ನು ಯುದ್ಧ ‘ಘೋಷಿಸುವ’ ಅಂತ ತಿದ್ದಿಸಿದರು. ಹಠಾತ್ ದಾಳಿಯಾದರೆ ಅಧ್ಯಕ್ಷರು ಕೈಕಟ್ಟಿ ನಿಲ್ಲಬಾರದು ಅಂತ. ಅಂದರೆ ಹಂದಿಗೆ ಯಜಮಾನ, ಕೋರ್ಟಿಗೆ ಮನೆಮಂದಿ. ಅಜ್ಜಿಯ ಬೀಗದ ಕೈಯೂ ಕಾಂಗ್ರೆಸ್ಸಿನದೇ. ಸೇನೆಗೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಕಾಲಕ್ಕೆ ದುಡ್ಡು ಮಂಜೂರು ಮಾಡುವಂತಿಲ್ಲ.

‘ಹಾಗಾದ್ರೆ ಕಾಂಗ್ರೆಸ್ ಹೇಳದೆ ಯುದ್ಧ ಆಗೋದೇ ಇಲ್ಲ’ ಅಂದಳು ಮಗಳು. ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ ಅಂದೆ. ಅವಳು ನನ್ನ ಮುಖ ನೋಡಿದಳು. ಕೊರಿಯಾ, ವಿಯೆಟ್ನಾಂ, ಇರಾಕ್ ಯಾವುದಕ್ಕೂ ಘೋಷಣೆ ಇಲ್ಲ. ಕೊರಿಯಾಕ್ಕೆ ಆಗಿನ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಒಪ್ಪಿಗೆಯನ್ನೇ ಕೇಳಲಿಲ್ಲ. ವಿಯೆಟ್ನಾಂಗೆ 1964ರಲ್ಲಿ ಕೆಳಮನೆಯಲ್ಲಿ ಒಂದೂ ವಿರೋಧ ಮತವಿಲ್ಲದೆ, ಮೇಲ್ಮನೆಯಾದ ಸೆನೆಟ್ಟಿನಲ್ಲಿ ಬರೀ ಇಬ್ಬರ ವಿರೋಧದೊಂದಿಗೆ ಒಪ್ಪಿಗೆಯ ನಿರ್ಣಯ ಪಾಸಾಯಿತು. ಆಮೇಲೆ ಪಶ್ಚಾತ್ತಾಪಪಟ್ಟು 1973ರಲ್ಲಿ ಅಧ್ಯಕ್ಷ ನಿಕ್ಸನ್ ವೀಟೊ ಹಾಕಿ ತಿರಸ್ಕರಿಸಿದರೂ ಬಿಡದೆ ಕಾಂಗ್ರೆಸ್ ಒಂದು ಕಾನೂನು ತಂದಿತು. ಸೈನ್ಯ ಕಳಿಸಿದ 48 ಗಂಟೆಯೊಳಗೆ ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸ್ ಕರೆಸಲು ಬೇಕಾದರೆ ಇನ್ನು 30 ದಿನ. ಕೇಳಲು ಚೆನ್ನಾಗಿದೆ. ಆದರೆ 1999ರಲ್ಲಿ ಕ್ಲಿಂಟನ್ ಕಾಲದಲ್ಲಿ ಕೊಸೊವೊಗಾಗಿ 78 ದಿನ ಬಾಂಬ್ ಬಿತ್ತು. 2011ರಲ್ಲಿ ಲಿಬಿಯಾದಲ್ಲಿ 60 ದಿನ ದಾಟಿದಾಗ ಒಬಾಮಾ ಸರ್ಕಾರ, ಇದು ಆ ಕಾನೂನು ಹೇಳುವಂಥ ‘ಕಾದಾಟ’ವೇ ಅಲ್ಲ ಅಂದಿತು. ಯಾವ ಪಕ್ಷದವರಾದರೂ ಆ ಕುರ್ಚಿಯಲ್ಲಿ ಕೂತ ಮೇಲೆ ಒಂದೇ ರಾಗ, ಅಲ್ವಾ?

ದುಡ್ಡಿನ ಬೀಗದ ಕೈ ಮಾತ್ರ ಒಂದು ಸಲ ನಿಜಕ್ಕೂ ಕೆಲಸ ಮಾಡಿದೆ. 1973ರ ಆಗಸ್ಟ್ 15ರಿಂದ ವಿಯೆಟ್ನಾಂ, ಕಾಂಬೋಡಿಯಾ ಇರುವ ಇಂಡೋಚೀನಾದಲ್ಲಿ ಕಾದಾಡಲು ಒಂದು ಡಾಲರೂ ಇಲ್ಲ ಅಂತ ಕಾಂಗ್ರೆಸ್ ಕಟ್ಟು ಹಾಕಿತು. ಕಾಂಬೋಡಿಯಾದ ಮೇಲೆ ಬಾಂಬ್ ಬೀಳುವುದು ನಿಂತಿತು.

ಈಗ ನನಗೆ ತುಂಬಾ ಇಷ್ಟವಾದ ಕಥೆ. ನಮ್ಮಂಥ ವೀಸಾದವರು ಓದಲೇಬೇಕಾದ್ದು. ಜಗದೀಶ್ ರಾಯ್ ಚಡ್ಢಾ ಅಂತ ಒಬ್ಬರು. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್. ಸ್ಟೂಡೆಂಟ್ ವೀಸಾದಲ್ಲಿ ಒಹಾಯೋಗೆ ಓದಲು ಬಂದರು. 1972ರಲ್ಲಿ ವೀಸಾ ಮುಗಿಯಿತು. ಅತ್ತ ಕೀನ್ಯಾ ಸೇರಿಸಿಕೊಳ್ಳಲಿಲ್ಲ, ಇತ್ತ ಬ್ರಿಟನ್ನೂ ಬೇಗ ಬಾ ಅನ್ನಲಿಲ್ಲ. ಗಡೀಪಾರಾದರೆ ತುಂಬಾ ಕಷ್ಟವಾಗುತ್ತದೆ ಅಂತ ಇಲ್ಲಿನ ವಲಸೆ ನ್ಯಾಯಾಧೀಶರು ಇರಲು ಬಿಟ್ಟರು. ಆಗ ಒಂದು ನಿಯಮವಿತ್ತು. ಇಂಥ ತೀರ್ಮಾನವನ್ನು ಕಾಂಗ್ರೆಸ್ಸಿನ ಒಂದೇ ಮನೆ ಬೇಡ ಅಂದರೂ ಸಾಕು, ರದ್ದು. 1975ರ ಡಿಸೆಂಬರ್‌ನಲ್ಲಿ ಕೆಳಮನೆ ಮತ ಕೂಡ ಎಣಿಸದೆ ಇವರೂ ಸೇರಿ ಆರು ಜನರ ಹೆಸರು ಹೊಡೆದುಹಾಕಿತು. ಚಡ್ಢಾ ಬಿಡಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1983ರಲ್ಲಿ 7-2ರಿಂದ ಗೆದ್ದರು. ಎರಡೂ ಮನೆ ಪಾಸು ಮಾಡಿ ಅಧ್ಯಕ್ಷರ ಮುಂದೆ ಇಡದೆ ಕಾಂಗ್ರೆಸ್ ಹೀಗೆ ವೀಟೊ ಹಾಕುವಂತಿಲ್ಲ ಅಂತ ಕೋರ್ಟ್ ಹೇಳಿತು.

ಒಬ್ಬ ವಲಸಿಗನಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಅದೇ ತೀರ್ಪು ಸುಮಾರು 200 ಕಾನೂನು ಕಲಮುಗಳಿಗೆ ಪೆಟ್ಟು ಕೊಟ್ಟಿತು. ಅಧ್ಯಕ್ಷರ ಸಹಿ ಬೇಡದ ನಿರ್ಣಯದಿಂದ ಸೈನ್ಯ ವಾಪಸ್ ಕರೆಸುವ ದಾರಿ 1973ರ ಕಾನೂನಿನಲ್ಲಿತ್ತು. ತುರ್ತು ಪರಿಸ್ಥಿತಿ ಕೊನೆಗೊಳಿಸುವ ದಾರಿ 1976ರ ಕಾನೂನಿನಲ್ಲಿತ್ತು. ಮೊದಲನೆಯದರ ಬಲ ಹೋಯಿತು. ಎರಡನೆಯದನ್ನು 1985ರಲ್ಲಿ ತಿದ್ದಿದರು, ಈಗ ಅದಕ್ಕೂ ಅಧ್ಯಕ್ಷರ ಸಹಿ ಬೇಕು. ಯಜಮಾನನನ್ನು ತಡೆಯಲು ಯಜಮಾನನದೇ ರುಜು! ಅವರು ವೀಟೊ ಹಾಕಿದರೆ ಎರಡೂ ಮನೆಯಲ್ಲಿ ಮೂರನೇ ಎರಡರಷ್ಟು ಮತ ಒಟ್ಟುಮಾಡಬೇಕು. 2019ರಲ್ಲಿ ಮೆಕ್ಸಿಕೋ ಗಡಿ ಗೋಡೆಗಾಗಿ ಟ್ರಂಪ್ ತುರ್ತು ಪರಿಸ್ಥಿತಿ ಹೇರಿದಾಗ ಆದದ್ದು ಇದೇ. ಅವರದೇ ಪಕ್ಷದ 12 ಸೆನೆಟರ್‌ಗಳು ವಿರುದ್ಧ ಮತ ಹಾಕಿ ನಿರ್ಣಯ 59-41ರಲ್ಲಿ ಗೆದ್ದಿತು. ವೀಟೊ ಬಿತ್ತು. ಕೆಳಮನೆಯಲ್ಲಿ 248-181 ಬಂದರೂ ಸಾಲಲಿಲ್ಲ.

ಇಷ್ಟು ಹೊತ್ತು ಸುಮ್ಮನಿದ್ದ ನಮ್ಮಪ್ಪ ಆಗ ಬಾಯಿಬಿಟ್ಟರು. ‘1975ರಲ್ಲಿ ನಮ್ಮಲ್ಲಿ ರಾತ್ರಿ ರಾಷ್ಟ್ರಪತಿ ಸಹಿ ಆಯ್ತು, ಮಂತ್ರಿಮಂಡಲಕ್ಕೆ ಗೊತ್ತಾಗಿದ್ದು ಬೆಳಗ್ಗೆ. ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಬೆಂಗಳೂರಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ರು’ ಅಂದರು. ಮಗಳಿಗೆ ಗೊಂದಲವಾಯಿತು. ಅಲ್ಲಿನ ಪ್ರೆಸಿಡೆಂಟೂ ಪ್ರೆಸಿಡೆಂಟೇ ಅಲ್ವಾ? ಅಲ್ಲಿ ಸಹಿ ರಾಷ್ಟ್ರಪತಿಯದು, ಮನಸ್ಸು ಪ್ರಧಾನಿಯದು, ಇಲ್ಲಿ ಎರಡೂ ಒಬ್ಬರದೇ ಅಂತ ವಿವರಿಸಿದೆ. ಆಮೇಲೆ 1978ರ ತಿದ್ದುಪಡಿಯಲ್ಲಿ ಮಂತ್ರಿಮಂಡಲ ಬರೆದುಕೊಡದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ ಅಂತಾಯಿತು. ಸುಟ್ಟುಕೊಂಡ ಮೇಲೇ ಎಲ್ಲ ಕಡೆ ಬುದ್ಧಿ ಬರೋದು.

ಕೋರ್ಟುಗಳ ಬಗ್ಗೆ ನಾನು ಮಗಳಿಗೆ ಸಕ್ಕರೆ ಸವರಿ ಹೇಳಲಿಲ್ಲ. 1952ರಲ್ಲಿ ಕೊರಿಯಾ ಯುದ್ಧದ ನೆಪದಲ್ಲಿ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಸುಪ್ರೀಂ ಕೋರ್ಟ್ 6-3ರಿಂದ ತಡೆಯಿತು. ಆದರೆ ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನ ಶಿಬಿರ ಸೇರಿದರು. ಹೆಚ್ಚಿನವರು ಇಲ್ಲೇ ಹುಟ್ಟಿದ ಪ್ರಜೆಗಳು, ನಮ್ಮ ಮಕ್ಕಳ ಹಾಗೆ. ಅಂಥ ಪ್ರಜೆಗಳಲ್ಲೊಬ್ಬರಾದ ಫ್ರೆಡ್ ಕೊರೆಮಾತ್ಸು ಕೋರ್ಟಿಗೆ ಹೋದರೆ 1944ರಲ್ಲಿ ಅದೇ ಕೋರ್ಟು 6-3ರಿಂದ ಸರ್ಕಾರದ ಪರ ನಿಂತಿತು. 1988ರಲ್ಲಿ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20 ಸಾವಿರ ಡಾಲರ್ ಕೊಟ್ಟರು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಲು 2018 ಆಗಬೇಕಾಯಿತು. ಅದನ್ನು ಹೇಳಿದ್ದೂ ಮೇಲೆ ಬರೆದೆನಲ್ಲ, ಆ ಪ್ರವೇಶ ನಿಷೇಧವನ್ನು ಎತ್ತಿಹಿಡಿದ ತೀರ್ಪಿನಲ್ಲೇ!

ಸಿಸ್ಟಮ್ ಇದೆ, ತಾನೇ ಎಲ್ಲ ನೋಡಿಕೊಳ್ಳುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ ಅಂತಲೇ ಇಷ್ಟೆಲ್ಲ ಬರೆದದ್ದು. ಯಾರೋ ಒಬ್ಬರು ಕೇಸು ಹಾಕಬೇಕು, ಯಾರೋ ಸ್ವಂತ ಪಕ್ಷದ ವಿರುದ್ಧ ಮತ ಹಾಕಬೇಕು. ಆಗಷ್ಟೇ ಕಾಗದದಲ್ಲಿರುವ ಮಿತಿ ನಿಜವಾದ ಮಿತಿ.

ಗಂಡುಮಕ್ಕಳ ಅಪ್ಪಅಮ್ಮಂದಿರಿಗೆ ಇನ್ನೊಂದು ವಿಷಯ. ನನ್ನ ಮಗನಿಗೆ 18 ತುಂಬಿದಾಗ ಸೆಲೆಕ್ಟಿವ್ ಸರ್ವಿಸ್ (ಬೇಕಾದರೆ ಸೇನೆಗೆ ಕರೆಯಲು ಇಡುವ ಪಟ್ಟಿ) ಕಾಗದ ನೋಡಿ ನನ್ನ ಹೆಂಡತಿಗೆ ಎದೆ ಧಸಕ್ಕೆಂದಿತ್ತು. ಹೆದರಬೇಡಿ. 18ರಿಂದ 25ರ ಗಂಡುಮಕ್ಕಳ ಹೆಸರು ಆ ಪಟ್ಟಿಯಲ್ಲಿರಬೇಕು ಅನ್ನುವುದು ನಿಯಮ. ಗ್ರೀನ್ ಕಾರ್ಡಿನವರಿಗೂ ಉಂಟು. ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ), ಎಫ್-1 (ಸ್ಟೂಡೆಂಟ್ ವೀಸಾ) ಇವುಗಳಲ್ಲಿ ಸರಿಯಾಗಿ ಇರುವವರಿಗೆ ಇಲ್ಲ. ಹೆಸರಿಲ್ಲದಿದ್ದರೆ ಮುಂದೆ ಸಿಟಿಜನ್‌ಶಿಪ್ ಅರ್ಜಿಯಲ್ಲಿ ತೊಂದರೆಯಾಗಬಹುದು. ಆದರೆ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿದೆ. ಮತ್ತೆ ಶುರು ಮಾಡಲು ಅಧ್ಯಕ್ಷರ ಸಹಿಯೊಂದೇ ಸಾಲದು, ಮೊದಲು ಕಾಂಗ್ರೆಸ್ ಕಾನೂನು ತಿದ್ದಬೇಕು. ಇದನ್ನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಆ ರಾತ್ರಿ ಎಲ್ಲರೂ ಊಟ ಮಾಡಿದರು.