ಬಳ್ಳಾರಿ ಕಡೆ ಮಗಳನ್ನು ಪಿಸ್ತೂಲ್ ಶೂಟಿಂಗ್‌ಗೆ ಸೇರಿಸಬೇಕು, ಹೋಗಿ ಬಂದವರು ಅನುಭವ ಹೇಳಿ

ನಮಸ್ಕಾರ. ನಾವು ಬಳ್ಳಾರಿ ಗಾಂಧಿನಗರದವರು. ಮಗಳಿಗೆ ಈಗ ಹದಿಮೂರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿಂದ ಅವಳದು ಒಂದೇ ಹಠ, ಪಿಸ್ತೂಲ್ ಶೂಟಿಂಗ್ ಕಲಿಯಬೇಕು ಅಂತ. ಅತ್ತೆಯವರು "ಹೆಣ್ಣುಹುಡುಗಿ ಕೈಗೆ ಬಂದೂಕಾ" ಅಂತಿದ್ದಾರೆ. ಯಜಮಾನರಿಗೆ ಖರ್ಚಿನ ಚಿಂತೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅಥವಾ ಹತ್ತಿರದ ಊರುಗಳಲ್ಲಿ ಶೂಟಿಂಗ್ ಕಲಿಸುವ ರೇಂಜ್‌ಗೆ ಹೋದವರು ಹೇಗಿತ್ತು ಹೇಳಿ. ಲೈಸೆನ್ಸ್ ಬೇಕಾ? ಒಳ್ಳೆ ಜಾಗ ಅಂತ ಹೇಗೆ ಗೊತ್ತಾಗುತ್ತೆ?

ಬಳ್ಳಾರಿಯಿಂದ:

ಅಕ್ಕಾ, ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡುತ್ತೇನೆ, ಎಲ್ಲರೂ ಅಲ್ಲೇ ಹೆದರುತ್ತಾರೆ. ನಿಮ್ಮ ಮಗಳು ಹೊಡೆಯುವುದು ಏರ್ ಪಿಸ್ತೂಲ್. ಮದ್ದಿಲ್ಲ, ಬೆಂಕಿಯಿಲ್ಲ, ಬರೀ ಒತ್ತಿ ತುಂಬಿದ ಗಾಳಿ. ನಳಿಗೆಯ ಒಳ ಅಗಲ 4.5 ಮಿ.ಮೀ. ಮೀರದೆ, ಶಕ್ತಿ 20 ಜೂಲ್ ಒಳಗಿದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲ್‌ಗಳೆಲ್ಲ ಇದರೊಳಗೇ ಬರುತ್ತವೆ. ಅಂಗಡಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಕೊಟ್ಟರಾಯಿತು. ಮದ್ದಿನ ಬಂದೂಕಿಗೆ ಹೋದಾಗ ಡಿಸಿ ಆಫೀಸಿನ ಕಥೆ ಶುರು, ಅದು ಸದ್ಯಕ್ಕೆ ನಿಮಗೆ ಬೇಡ.

ನನ್ನ ಮಗನೂ ಏರ್ ಪಿಸ್ತೂಲೇ. ನಮ್ಮ ಕಡೆ ಟಿವಿಯಲ್ಲಿ ತೋರಿಸುವಂಥ ರೇಂಜ್ ಹುಡುಕಬೇಡಿ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಅದಕ್ಕೆ ಒಂದು ಉದ್ದನೆಯ ಹಾಲ್ ಸಾಕು. ಹಾಗಾಗಿ ಕಾಂಪ್ಲೆಕ್ಸಿನ ಮೇಲ್ಮಹಡಿ, ಶಾಲೆಯ ಹಳೇ ಶೆಡ್ಡು, ಎಲ್ಲಿ ಬೇಕಾದರೂ ನಡೆಸುತ್ತಾರೆ. ನಾವು ಹೋಗುವುದು ತಗಡಿನ ಚಾವಣಿಯ ಒಂದು ಶೆಡ್ಡಿಗೆ. ಗುರಿ ಅಚ್ಚಾದ ಕಾಗದದ ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕೈಯಲ್ಲಿ ಚಕ್ರ ತಿರುಗಿಸಿದರೆ ಅದು ತಂತಿ ಮೇಲೆ ಓಲಾಡುತ್ತಾ ಆ ತುದಿಗೆ ಹೋಗುತ್ತದೆ. ಹೊಡೆದ ಮೇಲೆ ಮತ್ತೆ ತಿರುಗಿಸಿ ವಾಪಸ್ ತರಿಸಿಕೊಂಡು ತೂತು ನೋಡಬೇಕು. ಪೆಲೆಟ್ ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು, ಅದರ ಮೂತಿ ಚಪ್ಪಟೆ ಇರುವುದರಿಂದ ಕಾಗದ ಹರಿಯುವುದಿಲ್ಲ, ದುಂಡಗೆ ಕತ್ತರಿಸಿದ ತೂತು ಬೀಳುತ್ತದೆ, ಅಂಕ ಎಣಿಸುವುದು ಸುಲಭ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಸ್ಕ್ರೀನ್ ಮೇಲೆ ತಕ್ಷಣ ಅಂಕ ಬರುತ್ತದೆ, ಚೆನ್ನಾಗಿರುತ್ತದೆ, ಆದರೆ ಕರೆಂಟ್ ಹೋದರೆ ಕೈಕಟ್ಟಿ ಕೂರಬೇಕು. ಕಲಿಯುವವರಿಗೆ ಚಕ್ರವೇ ಸಾಕು. ಅದಿಲ್ಲ ಅಂತ ಜಾಗವನ್ನು ಬೇಡ ಅನ್ನಬೇಡಿ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟಿದರೆ ತಗಡಿನ ಕೆಳಗೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಫ್ಯಾನ್ ಗಾಳಿ ಕಾರ್ಡಿಗೆ ತಾಗಿದರೆ ಅದು ಅಲ್ಲಾಡುತ್ತದೆ ಅಂತ ಫ್ಯಾನನ್ನೂ ಗೋಡೆ ಕಡೆ ತಿರುಗಿಸಿ ಇಟ್ಟಿರುತ್ತಾರೆ. ಬೆಳಗಿನ ಬ್ಯಾಚೇ ಕೇಳಿ. ಈ ಸೆಕೆ ನೋಡಿಯೇ ಹೇಳುತ್ತೇನೆ, ಯಾರಾದರೂ ರೈಫಲ್ ಕಡೆ ಎಳೆದರೆ ಯೋಚನೆ ಮಾಡಿ. ರೈಫಲ್‌ಗೆ ದಪ್ಪ ಕ್ಯಾನ್ವಾಸ್ ಜಾಕೆಟ್, ಅಂಥದ್ದೇ ಪ್ಯಾಂಟು, ಗಟ್ಟಿ ಬೂಟು, ಕೈಗವಸು. ಬಳ್ಳಾರಿ ಬಿಸಿಲಲ್ಲಿ ಅದನ್ನು ಹಾಕಿಕೊಂಡು ನಿಂತ ಹುಡುಗರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಮಗು ಬೆಳೆದಂತೆ ಜಾಕೆಟ್ ಬೇರೆ ಬದಲಾಯಿಸಬೇಕು. ಪಿಸ್ತೂಲಿಗೆ ಟೀ ಶರ್ಟು, ಚಪ್ಪಟೆ ಅಡಿಯ ಶೂ ಇದ್ದರೆ ಆಯಿತು.

ಇನ್ನು ಒಳ್ಳೆ ಜಾಗ ಯಾವುದು ಅಂತ ಕೇಳಿದಿರಿ. ಗೋಡೆಗೆ ನೇತುಹಾಕಿದ ಪದಕ, ಫೋಟೋ ನೋಡಬೇಡಿ. ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತು ನೋಡಿ. ಕಾರ್ಡ್ ಬದಲಿಸಲೋ ಮತ್ಯಾವುದಕ್ಕೋ ಒಬ್ಬರು ನಿಂತು ಹೊಡೆಯುವ ಗೆರೆ ದಾಟಿ ಮುಂದೆ ಹೋದರೆ ಉಳಿದ ಎಲ್ಲರ ಪಿಸ್ತೂಲೂ ಮೇಜಿನ ಮೇಲೆ ಇಳಿಯಬೇಕು. ಹೊಡೆಯದಿದ್ದಾಗ ನಳಿಗೆಯೊಳಗೆ ಬಣ್ಣದ ದಾರ ತೂರಿಸಿರಬೇಕು, ಸೇಫ್ಟಿ ಫ್ಲ್ಯಾಗ್ ಅನ್ನುತ್ತಾರೆ, ಅದು ಕಂಡರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕೋಚ್ "ಸ್ಟಾಪ್" ಅಂದಾಗ "ಇದೊಂದು ಸರ್" ಅನ್ನುವ ಹುಡುಗ ಇದ್ದು, ಕೋಚ್ ಅದಕ್ಕೆ ನಕ್ಕು ಬಿಟ್ಟರೆ ಎದ್ದು ಬನ್ನಿ. ಬಂದ ಮೊದಲ ದಿನವೇ ಪಿಸ್ತೂಲು ತುಂಬಿ ಕೊಟ್ಟು "ಹೊಡಿ ಪುಟ್ಟಿ" ಅಂದರೂ ಎದ್ದು ಬನ್ನಿ. ನಮ್ಮಲ್ಲಿ ಮಕ್ಕಳನ್ನು ಖಾಲಿ ಪಿಸ್ತೂಲು ಹಿಡಿಸಿ ಬಿಳಿ ಗೋಡೆಗೆ ಮುಖ ಮಾಡಿ ನಿಲ್ಲಿಸಿಯೇ ಎಷ್ಟೋ ದಿನ ಕಳೆದರು. ದುಡ್ಡು ಕೊಟ್ಟು ಗೋಡೆ ನೋಡೋದಾ ಅಂತ ಕೆಲವು ಪೋಷಕರು ಬಿಟ್ಟೂ ಹೋದರು. ಉಳಿದ ಮಕ್ಕಳ ಕೈ ಈಗ ನೋಡಬೇಕು, ಒಂಚೂರೂ ನಡುಗುವುದಿಲ್ಲ.

ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ಗೆ ಸೇರಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಹೆಸರು ಮಾಡಿರುವುದು ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ನಲ್ಲಿ. ಆಯ್ಕೆಯಾದ ಮಕ್ಕಳು ಅಲ್ಲೇ ಉಳಿದು ಕಲಿಯುವ ಜಾಗ, ಸಂಜೆ ಬ್ಯಾಚ್ ಥರ ಅಲ್ಲ.

ರಾಯಚೂರಿನಿಂದ:

ಮೇಲಿನವರ ಮಾತಿಗೆ ನನ್ನದೊಂದು. ಹತ್ತು ಗುಂಡಿಗೆ ಇಷ್ಟು ಅಂತ ಬೋರ್ಡ್ ಹಾಕಿದ ಒಂದು ಕಡೆ ಗೆಳೆಯರ ಜೊತೆ ಹೋಗಿದ್ದೆ, ಹೆಸರು ಬೇಡ. ಕೌಂಟರಿನ ಹುಡುಗ ಮೊಬೈಲ್‌ನಲ್ಲೇ ಮುಳುಗಿದ್ದ. ನಮ್ಮ ಮುಂದಿನ ಗುಂಪಿನವರು ಪಿಸ್ತೂಲನ್ನು ಒಬ್ಬರ ತಲೆಗೆ ಒಬ್ಬರು ಹಿಡಿದು ಸೆಲ್ಫಿ ತೆಗೆಯುತ್ತಿದ್ದರು, ಕೇಳುವವರೇ ಇಲ್ಲ. ಟಾರ್ಗೆಟ್ ಹಿಂದೆ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ತಗಡು. ಗುಂಡು ಅದಕ್ಕೆ ಬಡಿದು ಟಣ್ ಅಂತ ವಾಪಸ್ ಬಂದು ನಮ್ಮ ಕಾಲ ಹತ್ತಿರ ಬೀಳುತ್ತಿತ್ತು. ಕಣ್ಣಿಗೆ ಕನ್ನಡಕವೂ ಕೊಟ್ಟಿರಲಿಲ್ಲ! ಸರಿಯಾದ ಕಡೆ ತಗಡು ಓರೆಯಾಗಿರುತ್ತದೆ, ಇಲ್ಲಾ ಗುಂಡು ಹಿಡಿಯುವ ಡಬ್ಬಿ ಇರುತ್ತದೆ. ಅದನ್ನೊಂದು ಮರೆಯದೆ ನೋಡಿ.

ಆಮೇಲೆ ಹೈದರಾಬಾದ್‌ನಲ್ಲಿ ಚಿಕ್ಕಪ್ಪನ ಮನೆಗೆ ಹೋದಾಗ ಅಲ್ಲಿನ ಒಂದು ರೇಂಜ್ ನೋಡಿದೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ. ಪಾಠ ಆಗುವ ತನಕ ಮುಟ್ಟಲು ಬಿಡಲಿಲ್ಲ. ಅಲ್ಲಿ ಕಲಿತ ಒಂದು ವಿಷಯ ಇವತ್ತಿಗೂ ಆಶ್ಚರ್ಯ. ಪಿಸ್ತೂಲ್ ಹಿಡಿದಾಗ ಗುರಿಯನ್ನು ದಿಟ್ಟಿಸಬಾರದಂತೆ. ನಳಿಗೆ ತುದಿಯಲ್ಲಿ ಗುರಿ ಹೊಂದಿಸಲು ಇರುವ ಪುಟ್ಟ ಗೂಟ, ಅಂದರೆ ಫ್ರಂಟ್ ಸೈಟ್, ಸ್ಪಷ್ಟವಾಗಿ ಕಾಣಬೇಕು, ದೂರದ ಕಪ್ಪು ಚಕ್ರ ಮಸುಕಾಗಿಯೇ ಇರಬೇಕು. ಗುರಿ ನೋಡಿದ ಕೂಡಲೇ ನನ್ನ ಗುಂಡು ಎಲ್ಲೆಲ್ಲೋ ಹೋಯಿತು.

ಕೊಪ್ಪಳದಿಂದ:

ನಾನು ಹೊಲದಲ್ಲಿ ಹಂದಿ ಕಾಟಕ್ಕೆ ಬಂದೂಕು ಲೈಸೆನ್ಸ್ ಮಾಡಿಸಿದವನು, ಹಾಗಾಗಿ ನನ್ನ ದಾರಿ ಬೇರೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಅದು ದೊಡ್ಡವರಿಗೆ, ನಿಮ್ಮ ಮಗಳಿಗಲ್ಲ. ಆದರೆ ಯಜಮಾನರಿಗೆ ಆಸಕ್ತಿ ಇದ್ದರೆ ಹೋಗಲಿ. ಪೊಲೀಸರು ಕಲಿಸುವ ಶಿಸ್ತೇ ಬೇರೆ, ಜೋಕು ಗೀಕು ನಡೆಯುವುದಿಲ್ಲ. ಲೈಸೆನ್ಸ್ ಬಂದ ಮೇಲೂ ಎಲೆಕ್ಷನ್ ಬಂತೆಂದರೆ ಬಂದೂಕು ಒಯ್ದು ಠಾಣೆಯಲ್ಲಿ ಇಡಬೇಕು, ಮುಗಿದ ಮೇಲೆ ತರಬೇಕು. ಅದೊಂದು ತಿರುಗಾಟ ಇದ್ದೇ ಇದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಏರ್‌ಗನ್‌ಗೆ ಲೈಸೆನ್ಸ್ ಇಲ್ಲ ಅಂತ ಹುಡುಗರು ಗುಡ್ಡಕ್ಕೆ ಹೋಗಿ ಬೆಳವ, ಗೌಜಲಹಕ್ಕಿ ಹೊಡೆಯುತ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಅರಣ್ಯ ಇಲಾಖೆಯವರು ಹಿಡಿದರೆ ಕೇಸ್ ಗ್ಯಾರಂಟಿ. ನವಿಲಿನ ತಂಟೆಯಂತೂ ಕನಸಿನಲ್ಲೂ ಬೇಡ. ಹೊಡೆಯುವ ಆಸೆ ಇದ್ದರೆ ಗವಿಮಠದ ಜಾತ್ರೆಯಲ್ಲಿ ಬಲೂನ್ ಹೊಡೀಲಿ, ಆ ಬಂದೂಕಿನ ಸೈಟ್ ಸೊಟ್ಟಗಿದ್ದರೂ ಪರವಾಗಿಲ್ಲ.

ಗಂಗಾವತಿಯಿಂದ:

ಅಕ್ಕಾ, ಹೆಣ್ಣುಮಕ್ಕಳ ಕಡೆಯಿಂದ ಹೇಳುತ್ತೇನೆ. ಎನ್‌ಸಿಸಿಯಲ್ಲಿ .22 ರೈಫಲ್ ಮಲಗಿಕೊಂಡು ಹೊಡೆದವಳು ನಾನು, ಆಮೇಲೆ ಸ್ವಲ್ಪ ಕಾಲ ಏರ್ ಪಿಸ್ತೂಲ್ ಕಲಿತೆ. ಎರಡೂ ಪೂರ್ತಿ ಬೇರೆ. ಪಿಸ್ತೂಲನ್ನು ನಿಂತು ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಜೇಬಿನಲ್ಲೋ ಸೊಂಟದಲ್ಲೋ. ಶುರುವಿನಲ್ಲಿ ಭುಜ ಬಿದ್ದುಹೋದ ಹಾಗೆ ನೋಯುತ್ತದೆ. ಸ್ಪರ್ಧೆಯಲ್ಲಿ 60 ಗುಂಡು, ಒಂದೂಕಾಲು ಗಂಟೆ. ಮನೆಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ನಿಲ್ಲುವ ಅಭ್ಯಾಸ ಈಗಲೇ ಶುರು ಮಾಡಿಸಿ, ಖರ್ಚಿಲ್ಲ.

ನೋಡಿಕೊಂಡು ಬರಬೇಕಾದ್ದು: ಟಾಯ್ಲೆಟ್ ಇದೆಯಾ, ಚಿಲಕ ಹಾಕಲು ಬರುತ್ತಾ. ಬೇರೆ ಹುಡುಗಿಯರು ಬರ್ತಾರಾ. ತಾಯಂದಿರು ಒಳಗೆ ಕೂರಬಹುದಾ. ಕೋಚ್ ನಿಲುವು ತಿದ್ದುವಾಗ ಮೈ ಮುಟ್ಟಿ ತಿದ್ದುತ್ತಾರಾ, ಬಾಯಲ್ಲಿ ಹೇಳಿ ತಾವೇ ನಿಂತು ತೋರಿಸುತ್ತಾರಾ. ಒಳ್ಳೆ ಕೋಚ್ ಕೇಳದೆ ಮುಟ್ಟುವುದಿಲ್ಲ. "ಪೋಷಕರು ಹೊರಗಿರಿ" ಅನ್ನುವ ಕಡೆ ನಾನಾಗಿದ್ದರೆ ಮಗಳನ್ನು ಬಿಡುವುದಿಲ್ಲ. ಪೆಲೆಟ್ ಸೀಸದ್ದು, ಹೊಡೆದು ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬಾರದು. ನಿಮ್ಮ ಅತ್ತೆಯವರನ್ನೂ ಒಂದು ದಿನ ಕರೆದುಕೊಂಡು ಹೋಗಿ ಕೂರಿಸಿ ಅಕ್ಕಾ. ಅಲ್ಲಿರುವಷ್ಟು ನಿಶ್ಶಬ್ದ ಟ್ಯೂಷನ್ ಕ್ಲಾಸಿನಲ್ಲೂ ಇರುವುದಿಲ್ಲ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಕನ್ನಡಕ ಇದೆ, ತೊಂದರೆನಾ? ಪಿಸ್ತೂಲು ಯಾವಾಗ ಕೊಳ್ಳಬೇಕು? ಹಳೆಯದು ಕಡಿಮೆಗೆ ಕೊಡಿಸ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ.

ಬಳ್ಳಾರಿಯಿಂದ, ಮತ್ತೆ:

ಕನ್ನಡಕ ಹಾಕಿಕೊಂಡೇ ಹೊಡೆಯಬಹುದು, ಎಷ್ಟೋ ಮಕ್ಕಳು ಹೊಡೆಯುತ್ತಾರೆ. ನಂಬರ್ ಮಾತ್ರ ಹೊಸದಾಗಿ ಚೆಕ್ ಮಾಡಿಸಿ.

ಪಿಸ್ತೂಲು ಈಗಲೇ ಬೇಡ. ಕ್ಲಬ್ಬಿನದನ್ನೇ ಬಳಸಲಿ. ವಿದೇಶದ ಮ್ಯಾಚ್ ಪಿಸ್ತೂಲು, ಮೊರಿನಿ, ಸ್ಟೇಯರ್, ವಾಲ್ಥರ್ ಇಂಥವು, ಲಕ್ಷ ದಾಟುತ್ತವೆ. ಆಸಕ್ತಿ ಆರು ತಿಂಗಳಿಗೆ ಇಳಿದರೆ ಅಟ್ಟದ ಮೇಲೆ ಕೂರುತ್ತದೆ. ಹಳೆಯದು ಕೊಳ್ಳುವುದಾದರೆ ಮೊದಲು ಗಾಳಿ ತುಂಬುವ ಸಿಲಿಂಡರಿನ ಮೇಲೆ ಒತ್ತಿರುವ ತಾರೀಖು ಓದಿ. ಸಾಮಾನ್ಯವಾಗಿ ಅದರ ಆಯುಷ್ಯ 10 ವರ್ಷ, ಒಳಗೆ 200 ಬಾರ್ ಒತ್ತಡ ಇರುತ್ತದೆ, ಅವಧಿ ಮುಗಿದದ್ದನ್ನು ಮುಟ್ಟಬೇಡಿ. ಹೊಸ ಸಿಲಿಂಡರಿನ ಬೆಲೆ ಸೇರಿಸಿದ ಮೇಲೂ ಲಾಭ ಇದೆಯಾ ಅಂತ ಲೆಕ್ಕ ಹಾಕಿ. ಹಿಡಿಕೆಯಲ್ಲಿ ಸೈಜು ಇರುತ್ತದೆ, ಎಡಗೈ ಬಲಗೈ ಬೇರೆ ಇರುತ್ತದೆ, ದೊಡ್ಡವರ ಹಿಡಿಕೆ ಮಗಳ ಕೈಗೆ ಆಗುವುದಿಲ್ಲ.

ಸೇರುವ ಮೊದಲು ಕ್ಲಬ್ಬಿನವರನ್ನು ಮೂರು ಮಾತು ಕೇಳಿ. ತಿಂಗಳ ಫೀಸಿನಲ್ಲಿ ಪೆಲೆಟ್, ಕಾರ್ಡ್ ಸೇರಿದೆಯಾ? ಸಿಲಿಂಡರಿಗೆ ಗಾಳಿ ಇಲ್ಲೇ ತುಂಬುತ್ತಾರಾ? ರಾಜ್ಯ ರೈಫಲ್ ಸಂಸ್ಥೆ ಮೂಲಕ ಮಗಳ ಹೆಸರನ್ನು ರಾಜ್ಯ ಮಟ್ಟದ ಸ್ಪರ್ಧೆಗೆ ಕಳಿಸುತ್ತಾರಾ? ಮೂರನೆಯದಕ್ಕೆ ತಡವರಿಸಿದರೆ ಅದು ಕಾಲ ಕಳೆಯುವ ಜಾಗ ಅಷ್ಟೇ. ಆಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿ ಕಡೆ ಒಮ್ಮೆ ನೋಡಿ ಬರುವುದು ವಾಸಿ, ರಜೆಯಲ್ಲಿ ಅಲ್ಲಿ ಕ್ಯಾಂಪ್ ಇದ್ದರೆ ಕಳಿಸಬಹುದು. ನಾವು ಹೋಗುವ ಶೆಡ್ಡಿನ ಹೆಸರು ಇಲ್ಲಿ ಹಾಕುವುದಿಲ್ಲ, ಮೆಸೇಜ್ ಮಾಡಿ. ಶನಿವಾರ ಬೆಳಿಗ್ಗೆ ಬಂದರೆ ನೀವೂ ಅತ್ತೆಯವರೂ ಬೆಂಚಿನ ಮೇಲೆ ಕೂತು ನೋಡಬಹುದು.