ಪಿಂಗಾಣಿ ಕಪ್: ಪ್ಲಾಸ್ಟಿಕ್ ಇಲ್ಲದೆ, ಒಂದೇ ಪೆಟ್ಟಿಗೆಯಲ್ಲಿ ಕಳಿಸುವುದು ಹೇಗೆ?

ಪಿಂಗಾಣಿ_ಕಪ್ ಕೇಳಿದ ಪ್ರಶ್ನೆ

ಆನ್‌ಲೈನ್ ಮಾರುಕಟ್ಟೆಯಲ್ಲಿ ಪಿಂಗಾಣಿ ಕಪ್‌ಗಳನ್ನು ಬಿಡಿಬಿಡಿಯಾಗಿ ಮಾರುತ್ತಿದ್ದೇವೆ. ಒಂದರ ತೂಕ 380 ಗ್ರಾಂ, ಎತ್ತರ 95 ಮಿ.ಮೀ., ವ್ಯಾಸ 85 ಮಿ.ಮೀ., ಹಿಡಿಯೂ ಸೇರಿದರೆ ಅಗಲ 120 ಮಿ.ಮೀ. ಈಗ ಎರಡು ಸುತ್ತು ಬಬಲ್ ರ್ಯಾಪ್, ತೆಳು ರಟ್ಟಿನ ಡಬ್ಬಿ, ಅದರ ಹೊರಗೆ 20×20×15 ಸೆಂ.ಮೀ.ನ 3 ಪ್ಲೈ (ಮೂರು ಪದರ ರಟ್ಟಿನ) ಪೆಟ್ಟಿಗೆ, ನಡುವೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬು, ಮೇಲೆ ಪ್ಲಾಸ್ಟಿಕ್ ಟೇಪ್. ಇಷ್ಟಾದರೂ ಒಡೆದು ವಾಪಸ್ ಬರುವ ಕಪ್‌ಗಳಲ್ಲಿ ಹೆಚ್ಚಿನವಕ್ಕೆ ಹಿಡಿ ಮುರಿದಿರುತ್ತದೆ. ಹೊರಪೆಟ್ಟಿಗೆಗೆ ಮಾತ್ರ ಏನೂ ಆಗಿರುವುದಿಲ್ಲ.

ಮಾರುವ ಪೆಟ್ಟಿಗೆಯೇ ಕೊರಿಯರ್‌ಗೂ ಹೋಗಬೇಕು, ಒಳಗೆ ಪ್ಲಾಸ್ಟಿಕ್ ಇರಬಾರದು. ಇದಕ್ಕೆ 5 ಪ್ಲೈ ಬೇಕೇ? ಬಬಲ್ ರ್ಯಾಪ್ ಜಾಗಕ್ಕೆ ಏನು ಹಾಕಬಹುದು? ಅಂಟು ಹಚ್ಚಿದ ಕಾಗದದ ಟೇಪ್ ದಾರಿಯುದ್ದಕ್ಕೂ ನಿಲ್ಲುತ್ತದೆಯೇ?

ರಟ್ಟು_ಕೆಲಸ

ಪೆಟ್ಟಿಗೆ ನೆಟ್ಟಗಿದ್ದು ಹಿಡಿ ಮಾತ್ರ ಮುರಿದಿದೆ ಎಂದರೆ ರಟ್ಟು ಸೋತಿಲ್ಲ, ಒಳಗಿನ ಹಿಡಿತ ಸೋತಿದೆ. ಬಬಲ್ ರ್ಯಾಪನ್ನು ಬಿಗಿಯಾಗಿ ಸುತ್ತಿದಾಗ ಕಪ್ಪಿನಿಂದ ಹೊರಚಾಚಿದ ಹಿಡಿಯ ಮೇಲೆಯೇ ಒತ್ತಡ ಕೂರುತ್ತದೆ. ಪೆಟ್ಟಿಗೆ ಬಿದ್ದಾಗ ಇಡೀ ಕಪ್ಪಿನ ಭಾರವನ್ನು ಅದೇ ಹೊರಬೇಕಾಗುತ್ತದೆ. ಆದ್ದರಿಂದ ಕಪ್ಪನ್ನು ತಳ ಮತ್ತು ಬಾಯಿಯ ಅಂಚಿನಲ್ಲಿ ಮಾತ್ರ ಹಿಡಿಯಿರಿ. ಹಿಡಿಗೆ ಏನೂ ತಾಗಬಾರದು.

5 ಪ್ಲೈ ಬೇಡ. ಒಂದರ ಮೇಲೊಂದು ಪೇರಿಸಿದಾಗ ತಡೆದುಕೊಳ್ಳಲು ಅದು ನೆರವಾಗುತ್ತದೆ, ಬಿದ್ದಾಗಿನ ಪೆಟ್ಟನ್ನು ಹೀರಲು ಅಷ್ಟಾಗಿ ಅಲ್ಲ. ಅರ್ಧ ಕೆಜಿ ಸರಕಿಗೆ 3 ಪ್ಲೈ, ಬಿ ಫ್ಲೂಟ್ (ನಡುವಿನ ಅಲೆಯ ಒಂದು ಅಳತೆ) ರಟ್ಟು ಸಾಕು. ದಪ್ಪ ಸುಮಾರು 3 ಮಿ.ಮೀ., ಒಳಗಿನ ಮತ್ತು ಹೊರಗಿನ ಪದರ 150 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), ನಡುವಿನ ಅಲೆ ಕಾಗದ 120 ಜಿಎಸ್‌ಎಂ. ಗೋಡೆಗಳಲ್ಲಿ ಅಲೆಯ ಸಾಲುಗಳು ಲಂಬವಾಗಿ ನಿಲ್ಲಲಿ. ಹಾಳೆ ಉಳಿಸಲು ಅಡ್ಡ ಕತ್ತರಿಸಿದರೆ ಅದೇ ರಟ್ಟಿನ ಪೆಟ್ಟಿಗೆ ಮೇಲಿನ ಭಾರಕ್ಕೆ ಬೇಗ ಕುಸಿಯುತ್ತದೆ.

ಒಳಗೆ ಒಂದೇ ಬಗೆಯ ಎರಡು ರಟ್ಟಿನ ಪೀಠ ಮಾಡಿಸಿ, ಒಂದು ಕೆಳಗೆ, ಇನ್ನೊಂದು ತಲೆಕೆಳಗಾಗಿ ಮೇಲೆ. ಹಾಳೆಯ ನಾಲ್ಕೂ ಅಂಚನ್ನು 25 ಮಿ.ಮೀ. ಮಡಿಸಿದರೆ ನಡುವೆ ಟೊಳ್ಳಿರುವ ಪೀಠವಾಗುತ್ತದೆ. ಅದರ ಮೇಲೆ ಮೂರು ಪದರ ಬಿ ಫ್ಲೂಟ್ ಅಂಟಿಸಿದ 9 ಮಿ.ಮೀ. ದಪ್ಪದ ಬಳೆ ಕೂರಿಸಿ. ಬಳೆಯ ರಂಧ್ರ ಕಪ್ಪಿನ ವ್ಯಾಸಕ್ಕಿಂತ 1 ಮಿ.ಮೀ. ಮಾತ್ರ ದೊಡ್ಡದಿರಲಿ. ಬಿದ್ದಾಗ ಪೀಠದ ತಟ್ಟೆ ಬಾಗಿ ಪೆಟ್ಟನ್ನು ನುಂಗುತ್ತದೆ. ಖಾಲಿ ಇದೆಯಲ್ಲ ಎಂದು ಟೊಳ್ಳಿಗೆ ಕಾಗದ ತುರುಕಬೇಡಿ, ತಟ್ಟೆ ಬಾಗಲು ಜಾಗವಿಲ್ಲದೆ ಪೆಟ್ಟು ನೇರ ಕಪ್ಪಿಗೆ ಹೋಗುತ್ತದೆ.

ಒಳ ಅಳತೆ 170×135×145 ಮಿ.ಮೀ. ಎತ್ತರದ 145 ಅಂದರೆ 95 ಕಪ್ಪಿಗೆ, 25 ಕೆಳಗೆ, 25 ಮೇಲೆ. ಬೇಯುವಾಗ ಪಿಂಗಾಣಿ ಕುಗ್ಗುವುದರಿಂದ ಒಂದೊಂದು ಭಟ್ಟಿಯ ಕಪ್‌ಗಳ ಎತ್ತರದಲ್ಲಿ ಒಂದೆರಡು ಮಿ.ಮೀ. ಏರುಪೇರು ಇರುತ್ತದೆ. 20 ಕಪ್ ಅಳೆದು ಅತಿ ಎತ್ತರದ್ದಕ್ಕೆ ಪೆಟ್ಟಿಗೆ ಮಾಡಿಸಿ. ಗಿಡ್ಡದಕ್ಕೆ 1.5 ಮಿ.ಮೀ.ನ ಇ ಫ್ಲೂಟ್ ಹಾಳೆಯೊಂದನ್ನು ಮೇಲಿನ ಪೀಠದ ಬೆನ್ನಿಗೆ ಇಟ್ಟರೆ ಸರಿಹೋಗುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿದರೆ ಆ ಪೆಟ್ಟಿಗೆ ಹೊರಡಬಾರದು.

ಕೊರಿಯರ್ ಲೆಕ್ಕಕ್ಕೆ ಬಂದರೆ, ಗಾತ್ರದ ತೂಕವೆಂದರೆ (ಪೆಟ್ಟಿಗೆ ಹಿಡಿಯುವ ಜಾಗಕ್ಕೆ ಅವರು ಲೆಕ್ಕ ಹಾಕುವ ತೂಕ) ಉದ್ದ × ಅಗಲ × ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದ್ದು. ನಿಮ್ಮ ಈಗಿನ ಪೆಟ್ಟಿಗೆ 1.2 ಕೆಜಿ, ಹೊಸದು 0.67.

ಅಳತೆ_ತೂಕ

ಪೀಠದ ವಿನ್ಯಾಸ ಚೆನ್ನಾಗಿದೆ, ಲೆಕ್ಕದಲ್ಲಿ ಒಂದು ತಿದ್ದುಪಡಿ. ಕೊರಿಯರ್‌ನವರು ಅಳೆಯುವುದು ಹೊರ ಅಳತೆಯನ್ನು. 3 ಮಿ.ಮೀ. ರಟ್ಟಾದರೆ ಉದ್ದಕ್ಕೂ ಅಗಲಕ್ಕೂ 6 ಮಿ.ಮೀ. ಸೇರಿಸಬೇಕು. ಮೇಲೆ ಕೆಳಗೆ ಮುಚ್ಚಳದ ರೆಕ್ಕೆಗಳು ಎರಡೆರಡು ಪದರ ಕೂರುವುದರಿಂದ ಎತ್ತರಕ್ಕೆ 12 ಮಿ.ಮೀ. ಆಗ 17.6×14.1×15.7, ಅಂದರೆ 0.78 ಕೆಜಿ.

ಇದನ್ನು ಇಳಿಸಬಹುದು. ಕಪ್ಪನ್ನು ತಿರುಗಿಸಿ ಹಿಡಿ ಪೆಟ್ಟಿಗೆಯ ಮೂಲೆಯತ್ತ ಮುಖ ಮಾಡುವಂತೆ ಇಡಿ. ಮೂಲೆಯ ಕಡೆಗೆ ಜಾಗ ಹೆಚ್ಚು, ಆದ್ದರಿಂದ 140×140×145ರ ಚೌಕ ಪೆಟ್ಟಿಗೆ ಸಾಕು. ಕಪ್ಪಿನ ಮೈಗೂ ಗೋಡೆಗೂ 27 ಮಿ.ಮೀ., ಹಿಡಿಯ ತುದಿಗೆ ಎರಡೂ ಕಡೆ 15 ಮಿ.ಮೀ. ಬಿಡುವು ಸಿಗುತ್ತದೆ. ಹೊರ ಅಳತೆ 14.6×14.6×15.7, ಗಾತ್ರದ ತೂಕ 0.67. ಕಪ್ ತಿರುಗಿಬಿಡದಂತೆ ಬಳೆಯ ಹಿಡಿತ ಬಿಗಿಯಾಗಿರಲಿ, ಹಿಡಿ ಬರಬೇಕಾದ ಮೂಲೆಗೆ ಪೀಠದ ಮೇಲೆ ಒಂದು ಗುರುತು ಮುದ್ರಿಸಿ. ಪ್ಯಾಕ್ ಮಾಡುವವರು ಅವಸರದಲ್ಲಿದ್ದಾಗ ಆ ಗುರುತೇ ಕೆಲಸಕ್ಕೆ ಬರುವುದು.

ಅರ್ಧ ಕೆಜಿ ದರದ ಸ್ಲ್ಯಾಬ್ ಆಸೆಗೆ ಇನ್ನೂ ಕುಗ್ಗಿಸಲು ಹೋಗಬೇಡಿ. 2500 ಘನ ಸೆಂ.ಮೀ.ಗೆ ಇಳಿಸಬೇಕಾದರೆ ಹಿಡಿಗೆ ಉಳಿಯುವ ಬಿಡುವು ಸುಮಾರು 5 ಮಿ.ಮೀ. ಅಷ್ಟೇ. ಒಡೆದ ಒಂದು ಕಪ್ ಎಂದರೆ ಭಟ್ಟಿಯ ಇಂಧನ, ಎರಡು ಸಲದ ಸಾಗಣೆ, ಎರಡನೇ ಪೆಟ್ಟಿಗೆ ಎಲ್ಲವೂ ವ್ಯರ್ಥ. ಉಳಿಸಿದ ರಟ್ಟು ಅದಕ್ಕೆ ಸಮವಾಗುವುದಿಲ್ಲ. 5000 ಎಲ್ಲರ ಭಾಜಕವಲ್ಲ ಎಂಬುದನ್ನೂ ನೋಡಿಕೊಳ್ಳಿ, 4000 ಬಳಸುವವರೂ ಇದ್ದಾರೆ.

ಕಾಗದದ_ಅಂಟು

ಟೇಪ್ ಬಗ್ಗೆ ಯಾರೂ ಹೇಳಿಲ್ಲ. ನೀರು ಹಚ್ಚಿ ಅಂಟಿಸುವ ಪಿಷ್ಟದ ಟೇಪ್ ತಗೊಳ್ಳಿ. ಪ್ಲಾಸ್ಟಿಕ್ ಟೇಪ್ ರಟ್ಟಿನ ಮೇಲ್ಮೈಗೆ ಅಂಟಿ ಕೂತಿರುತ್ತದೆ ಅಷ್ಟೆ, ಮರುಬಳಕೆಯ ರಟ್ಟಿನ ದೂಳಿದ್ದರೆ ಅಂಚಿನಿಂದ ಏಳುತ್ತದೆ. ಪಿಷ್ಟದ ಅಂಟು ಕಾಗದದ ನಾರಿನೊಳಕ್ಕೇ ಇಳಿಯುತ್ತದೆ, ಯಾರಾದರೂ ಕಿತ್ತರೆ ರಟ್ಟೂ ಹರಿದು ಗುಟ್ಟು ಗೊತ್ತಾಗುತ್ತದೆ.

ಎಡವುವುದು ನೀರಿನಲ್ಲಿ. ಕಡಿಮೆಯಾದರೆ ಪಟ್ಟಿ ಒಣಗಿ ಸುರುಳಿಯಾಗಿ ಏಳುತ್ತದೆ, ಹೆಚ್ಚಾದರೆ ಅಂಟೇ ತೊಳೆದುಹೋಗಿ ಟೇಪ್ ಜಾರುತ್ತದೆ. ಮೇಲ್ಮೈ ಹೊಳೆಯುವಷ್ಟು ತೇವ ಸಾಕು, ತೊಟ್ಟಿಕ್ಕಬಾರದು. ಹಚ್ಚಿದ ತಕ್ಷಣ ಅಂಟಿಸಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಒತ್ತಿ ಉಜ್ಜಿ. ಥಂಡಿ ದಿನಗಳಲ್ಲಿ ಬೆಚ್ಚಗಿನ ನೀರು ಬಳಸಿ. ಈ ತೂಕಕ್ಕೆ 70 ಮಿ.ಮೀ. ಅಗಲದ ಒಂದೇ ನಡುಪಟ್ಟಿ ಸಾಕು, ಎರಡೂ ಬದಿಗೆ 50–75 ಮಿ.ಮೀ. ಇಳಿಬಿಡಿ. ಮೇಣ ಅಥವಾ ಲ್ಯಾಮಿನೇಷನ್ ಇರುವ ರಟ್ಟಿಗೆ ಈ ಟೇಪ್ ಹಿಡಿಯುವುದೇ ಇಲ್ಲ. ಲ್ಯಾಮಿನೇಷನ್ ಮರುಬಳಕೆಗೂ ಅಡ್ಡಿ.

ಗೋದಾಮಿನ ತೇವಾಂಶವನ್ನೂ ಗಮನಿಸಿ. ಗಾಳಿಯ ತೇವಾಂಶ 50%ರಿಂದ 90%ಕ್ಕೆ ಏರಿದರೆ ರಟ್ಟಿನ ಪೆಟ್ಟಿಗೆ ಭಾರ ತಡೆಯುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಡಿಸದ ಹಾಳೆಗಳ ಕಟ್ಟನ್ನು ನೆಲದ ಮೇಲೆ ಇಡಬೇಡಿ, ಮರದ ಹಲಗೆಯ ಮೇಲಿರಲಿ, ಗೋಡೆಯಿಂದ ದೂರವಿರಲಿ.

ಪಿಂಗಾಣಿ_ಕಪ್

ಚೌಕ ಪೆಟ್ಟಿಗೆಯೇ ಸರಿ ಅನ್ನಿಸುತ್ತಿದೆ. ಇನ್ನೆರಡು ಸಂದೇಹ. ಮಳೆಗೆ ಅಂಜಿ ಹೊರಗೊಂದು ಕಾಂಪೋಸ್ಟ್ ಆಗುವ ಚೀಲ ಹಾಕಬಹುದೇ? ಡೈ (ರಟ್ಟು ಕತ್ತರಿಸುವ ಅಚ್ಚು) ಮಾಡಿಸುವ ಮುಂಚೆ ಪರೀಕ್ಷೆ ಹೇಗೆ?

ರಟ್ಟು_ಕೆಲಸ

ಚೀಲ ಬೇಡ. ಅಂಥವುಗಳಲ್ಲಿ ಬಹುಪಾಲು ಪಿಎಲ್‌ಎ ಮತ್ತು ಪಿಬಿಎಟಿ ಎಂಬ ಜೈವಿಕವಾಗಿ ಕರಗುವ ಪ್ಲಾಸ್ಟಿಕ್‌ಗಳ ಮಿಶ್ರಣ. ಯುರೋಪಿನ ಕಾಂಪೋಸ್ಟ್ ಮಾನದಂಡ ಇಎನ್ 13432ರ ಗುರುತಿದ್ದರೆ ಅದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಕೈಗಾರಿಕಾ ಕಾಂಪೋಸ್ಟ್ ಘಟಕಕ್ಕೆ ಕೊಟ್ಟ ಮಾತು, ಮನೆಯ ಹಿತ್ತಲಿನ ಗುಂಡಿಗಲ್ಲ. ಸಾಮಾನ್ಯ ಪ್ಲಾಸ್ಟಿಕ್ ಜೊತೆ ಬೆರೆತರೆ ಆ ಮರುಬಳಕೆಯನ್ನೂ ಕೆಡಿಸುತ್ತದೆ. ಕಪ್ಪಿಗೆ ನೀರಿನಿಂದ ಏನೂ ಆಗದು, ಕಾಪಾಡಬೇಕಾದ್ದು ರಟ್ಟನ್ನು. ಹೊರಪದರಕ್ಕೆ ನೀರು ಬೇಗ ಹೀರದ ಕ್ರಾಫ್ಟ್ ಕಾಗದ ಕೇಳಿ. ಅದೂ ರಟ್ಟಿನ ಜೊತೆಗೇ ಮರುಬಳಕೆಗೆ ಹೋಗುತ್ತದೆ.

ಡೈಗೆ ಹಣ ಹಾಕುವ ಮೊದಲು ಚಾಕುವಿನಿಂದ ಕತ್ತರಿಸಿ ಐದು ಮಾದರಿ ಮಾಡಿ. ಇಸ್ಟಾ (ಸುರಕ್ಷಿತ ಸಾಗಣೆಯ ಅಂತರರಾಷ್ಟ್ರೀಯ ಸಂಘ) ಹೇಳುವ 1ಎ ಕ್ರಮದಲ್ಲಿ ಹಗುರ ಪೆಟ್ಟಿಗೆಯನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಮೊದಲು ಒಂದು ಮೂಲೆ, ಆಮೇಲೆ ಆ ಮೂಲೆಯಲ್ಲಿ ಕೂಡುವ ಮೂರು ಅಂಚು, ಕೊನೆಗೆ ಆರು ಮುಖ. ನೆಲ ಗಟ್ಟಿಯಾಗಿರಬೇಕು, ಚಾಪೆ ಇರಬಾರದು. ನಿಮ್ಮ ಪರೀಕ್ಷೆಯಲ್ಲಿ ಹಿಡಿ ಇರುವ ಮೂಲೆಯಿಂದ ಒಂದು ಹೆಚ್ಚುವರಿ ಬೀಳು ಸೇರಿಸಿ. ಎಲ್ಲವೂ ಮುಗಿಯುವವರೆಗೆ ಪೆಟ್ಟಿಗೆ ತೆರೆಯಬೇಡಿ, ಆಮೇಲೆ ಕಪ್ಪನ್ನು ಬೆಳಕಿಗೆ ಹಿಡಿದು ಹಿಡಿಯ ಬುಡದಲ್ಲಿ ಕೂದಲೆಳೆ ಬಿರುಕಿದೆಯೇ ನೋಡಿ. ಅಮೆಜಾನ್‌ನಂಥ ಮಾರುಕಟ್ಟೆಯಲ್ಲಿ ಉತ್ಪನ್ನದ ಸ್ವಂತ ಪೆಟ್ಟಿಗೆಯಲ್ಲೇ ಕಳಿಸಲು ಒಪ್ಪಿಗೆ ಬೇಕಿದ್ದರೆ ಇಸ್ಟಾ 6 ಸರಣಿಯ ಬೇರೆ ಪರೀಕ್ಷೆಯಿದೆ, ಇದು ಅದಕ್ಕೆ ಬದಲಲ್ಲ.

ಅಳತೆ_ತೂಕ

ವಿಳಾಸದ ಲೇಬಲ್ ಬಗ್ಗೆ. 102×152 ಮಿ.ಮೀ. ಲೇಬಲ್ ಈ ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂರುವುದಿಲ್ಲ, 146 ಮಿ.ಮೀ. ಮಾತ್ರ ಇದೆ. ಅಂಚಿನ ಮೇಲೆ ಮಡಿಸಿದರೆ ಬಾರ್‌ಕೋಡ್ ಸ್ಕ್ಯಾನ್ ಆಗದೆ ಪೆಟ್ಟಿಗೆ ಎಲ್ಲೋ ಉಳಿದುಬಿಡುತ್ತದೆ. ಟೇಪ್ ಇಳಿಯದ ಎರಡು ಬದಿಗಳಲ್ಲಿ ಒಂದರ ಮೇಲೆ ನೆಟ್ಟಗೆ ಅಂಟಿಸಿ, ಎತ್ತರ 157 ಇರುವುದರಿಂದ ಸರಿಯಾಗಿ ಹಿಡಿಸುತ್ತದೆ. ಹೊರಗೆ ಕಪ್ಪಿನ ದೊಡ್ಡ ಚಿತ್ರ ಬೇಡ, ದಾರಿಯಲ್ಲಿ ಕಳ್ಳರ ಕಣ್ಣು ಬೀಳುತ್ತದೆ. ನಿಮ್ಮ ಹೆಸರು, ಚಿತ್ರ ಎಲ್ಲವನ್ನೂ ಮುಚ್ಚಳದ ಒಳಮುಖಕ್ಕೆ ಒಂದೇ ಬಣ್ಣದಲ್ಲಿ ಮುದ್ರಿಸಿ. "ಪರಿಸರಸ್ನೇಹಿ" ಎಂದು ಬರೆಯುವ ಬದಲು "ರಟ್ಟು ಮತ್ತು ಕಾಗದ ಮಾತ್ರ, ಟೇಪ್ ಸಮೇತ ಕಾಗದದ ಮರುಬಳಕೆಗೆ ಹಾಕಿ" ಎಂದು ಹಾಕಿದರೆ ಕೊಂಡವರಿಗೆ ಮುಂದೇನು ಮಾಡಬೇಕೆಂದು ತಿಳಿಯುತ್ತದೆ.