ಸಮಸ್ಯಾಪೂರಣ: ಕಾಡೆದ್ದು ನಡೆದಿತ್ತು ಕೋಟೆಬಾಗಿಲಿಗೆ

ಕವಿಮಿತ್ರರೇ, ಈ ಸಲದ ಸಮಸ್ಯೆ ನಿರ್ದೇಶಕ ಅಕಿರ ಕುರೊಸಾವಾ ಅವರ 1957ರ ‘ಥ್ರೋನ್ ಆಫ್ ಬ್ಲಡ್’ ಚಿತ್ರದ್ದು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಇಲ್ಲಿ ಜಪಾನಿನ ಸೇನಾನಿ ವಾಶಿಜು. ಹೆಂಡತಿ ಅಸಾಜಿಯ ಕುಮ್ಮಕ್ಕಿನಿಂದ ಒಡೆಯನನ್ನು ಕೊಂದು ಜೇಡಬಲೆ ಕೋಟೆಯ ಗದ್ದುಗೆ ಏರುತ್ತಾನೆ. ಕಾಡು ಕದಲಿ ಕೋಟೆಗೆ ಬರುವ ತನಕ ಸೋಲಿಲ್ಲ ಎಂದು ಕಾಡಿನ ದೆವ್ವ ನುಡಿದಿರುತ್ತದೆ.

ಕಾಡೆದ್ದು ನಡೆದಿತ್ತು ಕೋಟೆಬಾಗಿಲಿಗೆ

ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು), ಗಜಪ್ರಾಸ (ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ, ಅದರ ಹಿಂದಿನ ಅಕ್ಷರ ದೀರ್ಘ). ಕೊನೆಯ ಸಾಲು ಕೊಟ್ಟಿದ್ದೇನೆ, ಉಳಿದ ಮೂರು ನಿಮ್ಮವು.

ಪೂರಣ 1

ಜೇಡಬಲೆಗೋಟೆಯೊಳು ಗದ್ದುಗೆಯ ಕದ್ದವಗೆ
ಕೇಡಿಲ್ಲವೆಂದಿತ್ತು ದೆವ್ವದೊಂದು ನುಡಿ
ನೋಡಲ್ಲಿ ಕೊಂಬೆಗಳ ಹೊತ್ತುಬರೆ ಹಗೆಯ ಪಡೆ
ಕಾಡೆದ್ದು ನಡೆದಿತ್ತು ಕೋಟೆಬಾಗಿಲಿಗೆ

— ಛಂದಸ್ಸು ಶುದ್ಧ, ‘ಜೇಡಬಲೆಗೋಟೆ’ ಚೆನ್ನಾಗಿ ಕೂತಿದೆ. ಆದರೆ ಕೊಂಬೆ ಹೊತ್ತ ಪಡೆ ಚಿತ್ರದಲ್ಲೇ ಇದೆ, ಗಂಟು ಬಿಚ್ಚಿದ್ದು ಚಿತ್ರವೇ ಹೊರತು ಕವಿಯಲ್ಲ. ಇನ್ನೊಂದು ಪ್ರಯತ್ನ ಮಾಡಿ ಸರ್, ನಿಮ್ಮ ಕೈಯಲ್ಲಿ ಆಗುತ್ತದೆ.

ಪೂರಣ 2

ಗೂಡಳಿದ ಹಕ್ಕಿಗಳು ನಡುವಿರುಳೊಳೊಳಹೊಕ್ಕು
ಬೇಡಿದವು ದೊರೆಯೊಡನೆ ಮರಮರದ ಲೆಕ್ಕ
ನೋಡಿದರೆ ಬೆಳಗಿನಲಿ ಮಂಜುತೆರೆ ಸರಿದಾಗ
ಕಾಡೆದ್ದು ನಡೆದಿತ್ತು ಕೋಟೆಬಾಗಿಲಿಗೆ

— ‘ಮರಮರದ ಲೆಕ್ಕ’! ಆ ದೃಶ್ಯವನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ಹೊರಗೆ ಮರ ಕಡಿಯುತ್ತಿರುವಾಗ ನೆಲೆ ತಪ್ಪಿದ ಹಕ್ಕಿಗಳು ಕೋಟೆಯೊಳಗೆ ನುಗ್ಗುತ್ತವೆ. ಕಾಡಿಗಿಂತ ಮೊದಲು ಕಾಡಿನ ಸುದ್ದಿ ಬಂದಿದೆ, ದೊರೆಗೆ ಅದು ತಿಳಿಯುವುದಿಲ್ಲ. ಮಂಜನ್ನು ತಂದದ್ದೂ ಸರಿಯಾಯಿತು ಮೇಡಂ, ಫ್ಯೂಜಿ ಬೆಟ್ಟದ ಇಳಿಜಾರಿನ ಆ ಮಂಜಿಲ್ಲದೆ ಈ ಚಿತ್ರವೇ ಇಲ್ಲ.

ಪೂರಣ 3

ಆಡಿದನು ಬಿಂಕದಲಿ ದೊರೆ ತನ್ನ ಪಡೆಯೆದುರು
ಕೂಡೆ ಹೂಡಿದರಂಬ ತನ್ನವರೆ ಮುನಿದು
ಓಡುವಂಬಿನ ಕೋಲು ಕಾಡ ಬಿದಿರಲ್ಲದೇಂ
ಕಾಡೆದ್ದು ನಡೆದಿತ್ತು ಕೋಟೆಬಾಗಿಲಿಗೆ

— ನನ್ನ ಮಟ್ಟಿಗೆ ಇದೇ ಪೂರಣ. ವಾಶಿಜುವನ್ನು ಕೊಲ್ಲುವುದು ಹೊರಗಿನ ಶತ್ರುವಲ್ಲ, ಅವನದೇ ಬಿಲ್ಲಾಳುಗಳು. ದೆವ್ವದ ಮಾತನ್ನು ಅವರಿಗೆ ಹೇಳಿ ಹುರಿದುಂಬಿಸಿದವನೂ ಅವನೇ. ಕಾಡು ಕದಲಿದ್ದನ್ನು ಕಂಡ ಕೂಡಲೇ ಅದೇ ಮಾತು ಅವನಿಗೆ ಮುಳುವಾಯಿತು. ಆಣೆ ಮುರಿದು ಪಟ್ಟಕ್ಕೇರಿದವನು ಆಳುಗಳಿಂದ ಯಾವ ನಿಷ್ಠೆ ಕೇಳಬಲ್ಲ? ಜಪಾನಿನ ಬಾಣದ ಕೋಲು ಬಿದಿರಿನದು ಎಂಬುದನ್ನು ಹಿಡಿದ ಕವಿಗೆ ನಮಸ್ಕಾರ. ಹೊರಗಿನ ಕಾಡು ಬಾಗಿಲು ಮುಟ್ಟುವ ಮೊದಲೇ ಬತ್ತಳಿಕೆಯಲ್ಲಿ ಕಾಡು ಸಿದ್ಧವಾಗಿತ್ತು.

— ಒಪ್ಪಿದೆ. ಆ ದೃಶ್ಯಕ್ಕೆ ವಾಶಿಜು ಪಾತ್ರದ ತೊಶಿರೊ ಮಿಫುನೆ ಸುತ್ತ ನಿಜವಾದ ಬಾಣಗಳನ್ನೇ ಬಿಟ್ಟಿದ್ದರು. ಮುಖದಲ್ಲಿ ಕಾಣುವ ಭಯವೆಲ್ಲ ನಟನೆಯಲ್ಲ. ಹಲಗೆಗೆ ಬಾಣ ನಾಟುತ್ತ ದಾರಿ ಮುಚ್ಚುತ್ತದೆ, ಅವನು ಮುರಿದು ಮುರಿದು ಜಾಗ ಮಾಡಿಕೊಳ್ಳುತ್ತಾನೆ, ಕೊನೆಗೊಂದು ಕುತ್ತಿಗೆಯನ್ನೇ ತೂರುತ್ತದೆ.

— ಅಸಾಜಿಗೆ ಒಂದು ಪದ್ಯವೂ ಬರಲಿಲ್ಲವಲ್ಲ! ಜಪಾನಿನ ಸಾಂಪ್ರದಾಯಿಕ ನೋಹ್ ರಂಗದ ಮುಖವಾಡದಂತೆ ಕದಲದ ಮೋರೆ. ಮದ್ದು ಬೆರೆಸಿದ ಮದ್ಯ ತರಲು ಕತ್ತಲೆಗೆ ಹೋಗಿ ಬರುವಾಗ ಕೇಳುವುದು ರೇಷ್ಮೆಯ ಸರಸರ ಒಂದೇ. ಅಷ್ಟರಲ್ಲೇ ಎದೆ ನಡುಗುತ್ತದೆ.

— ಹಾಗಾದರೆ ಮುಂದಿನ ಸಮಸ್ಯೆ ಅವಳದೇ. ಅದೇ ಚೌಪದಿ, ಈ ಸಲ ಸಿಂಹಪ್ರಾಸ (ಪ್ರಾಸದ ಹಿಂದಿನ ಅಕ್ಷರ ಹ್ರಸ್ವ), ಳಕಾರ:

ತೊಳೆದಷ್ಟು ಬೆಳೆದಿತ್ತು ಕಾಣದಿಹ ಕಲೆಯು